ಒಬ್ಬರೇ ಕೂರಬಾರದು

ಮಳೆ ಹೆಚ್ಚಾಗಿ ಲೋಕಲ್ ರೈಲು ನಿಲ್ಲಬಹುದಿತ್ತು. ಕರೆಂಟು ಹೋಗಬಹುದಿತ್ತು. ಹಾರ್ಮೋನಿಯಂ ತೇವ ಹಿಡಿದು ಶೀನಪ್ಪಜ್ಜನ ಹಾಗೆ ಕೆಮ್ಮಬಹುದಿತ್ತು. ಶೀನಪ್ಪಜ್ಜನಿಗೇ ಎದೆನೋವು ಬರಬಹುದಿತ್ತು. ಪೊಲೀಸರು ಬಂದು ಮೈಕು ಕಿತ್ತುಕೊಂಡು ಹೋಗಬಹುದಿತ್ತು. ನಾವು ಮೈಕೇ ತರಿಸಿಲ್ಲ ಎಂದು ನನ್ನ ಹೆಂಡತಿ ಶಾರದಾ ನೆನಪಿಸಿದ ಮೇಲೂ ಈ ಭಯ ಪೂರ್ತಿ ಹೋಗಲಿಲ್ಲ. ದೀಪದ ಎಣ್ಣೆಗೆ ಇಲಿ ಬಾಯಿ ಹಾಕಬಹುದಿತ್ತು. ಮೇಲಿನ ಮಹಡಿಯವರು ಗದ್ದಲವೆಂದು ಜಗಳಕ್ಕೆ ಇಳಿಯಬಹುದಿತ್ತು. ಹೊಸ ಗೋಡೆ ಬಿರುಕು ಬಿಡಬಹುದಿತ್ತು. ಇದನ್ನು ಮಾತ್ರ ನಾನು ಯಾರೆದುರೂ ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಬಾಗಿಲೆದುರು ಕೂತ ಸಂಜೀವಣ್ಣ ಎದ್ದು ಒಳಗೆ ಬಂದು, ದೇವರ ಪಟವನ್ನು ಗೋಡೆಯಿಂದ ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟುಬಿಡಬಹುದಿತ್ತು.

ಹೋದ ತಿಂಗಳು ಸಾಂತಾಕ್ರೂಜ್‌ನಲ್ಲಿ ಶಾರದಾಳ ತಂಗಿಯ ಮಗನ ಗೃಹಪ್ರವೇಶ. ಹಸಿ ಸುಣ್ಣಬಣ್ಣದ ವಾಸನೆಯ ಮೇಲೆ ಕರ್ಪೂರದ ಹೊಗೆ ಹರಡಿತು ನೋಡಿ, ನಾನು ಬಾಗಿಲ ಕಡೆ ತಿರುಗಿ ಕೂತೆ. ಪುರೋಹಿತರು ಪೂರ್ಣಾಹುತಿ ಎನ್ನುತ್ತಿದ್ದರು. ನಾನು ತಲೆ ಎಣಿಸುತ್ತಿದ್ದೆ, ಇಬ್ಬರಿಗಿಂತ ಕಡಿಮೆ ಇದ್ದಾರೋ ಹೇಗೆ ಎಂದು. "ಏನ್ರೀ, ಊಟಕ್ಕೆ ಎಲೆ ಸಾಲಲ್ವೇನೋ ಅಂತ ನಿಮಗ್ಯಾಕೆ ಚಿಂತೆ? ಮನೆಯವರು ನೋಡ್ಕೋತಾರೆ" ಎಂದಳು ಶಾರದಾ. ಎಲೆಯಲ್ಲ, ತೊಂಬತ್ತೊಂದರ ಶ್ರಾವಣ ಎಂದು ಅಲ್ಲಿ ವಿವರಿಸುವುದು ಹೇಗೆ?

ಮುಂಬಯಿಯ ಬೈಕುಲ್ಲಾದಲ್ಲಿ ನಮ್ಮ ಚಾಳಿನ ಹಿಂಬದಿಯ ನೆಲಮಹಡಿಯಲ್ಲಿ ಒಂದು ಭಜನೆಯ ಕೋಣೆ ಇತ್ತು. ಕರಾವಳಿ ಕಡೆಯ ಹೋಟೆಲಿನವರು, ಬಿಜಾಪುರದ ಕಡೆಯಿಂದ ಬಂದು ಕಟ್ಟಡದ ಕೆಲಸ ಮಾಡುವವರು, ನಮ್ಮಂಥ ಮೈಸೂರು ಸೀಮೆಯ ಗುಮಾಸ್ತರು, ಇಷ್ಟೂ ಜನಕ್ಕೆ ಒಟ್ಟಿಗೆ ಕೂರಲು ಇದ್ದ ಜಾಗ ಅದೊಂದೇ. ಗೋಡೆಯಲ್ಲಿ ವಿಠಲನ ಗಾಜಿನ ಪಟ. ಪ್ರತಿ ಶನಿವಾರ ಸಂಜೆ ಭಜನೆ. ವರ್ಷಕ್ಕೊಮ್ಮೆ ಶ್ರಾವಣದ ಕೊನೆಯ ಶನಿವಾರ ಅರ್ಧ ಏಕಾಹ. ಅಂದರೆ ಸೂರ್ಯ ಹುಟ್ಟುವಾಗ ದೀಪ ಹಚ್ಚಿ ತಾಳ ಎತ್ತಿದರೆ, ಸೂರ್ಯ ಮುಳುಗಿ ಮಂಗಳ ಹಾಡುವವರೆಗೆ ಪದವೂ ತಾಳವೂ ನಿಲ್ಲುವಂತಿಲ್ಲ. ಜನ ಪಾಳಿಯಲ್ಲಿ ಬರುತ್ತಾರೆ, ಹೋಗುತ್ತಾರೆ. ಹೋಗುವವರ ಕೈಯ ತಾಳ ಬಂದವರ ಕೈಗೆ ದಾಟಬೇಕು, ಸದ್ದು ನಿಲ್ಲದೆ.

ಎಂಬತ್ತನಾಲ್ಕರ ಶ್ರಾವಣದ ಆ ಶನಿವಾರ ಮಳೆ ಹಿಡಿದುಕೊಂಡು ಲೋಕಲ್ ನಿಂತಿತು. ಮಧ್ಯಾಹ್ನದ ಪಾಳಿಯವರು ಬರಲಾಗಲಿಲ್ಲ. ಕೂತಿದ್ದವರು ಒಬ್ಬೊಬ್ಬರಾಗಿ ಊಟಕ್ಕೆ ಎದ್ದಾಗ, ಸಂಜೀವಣ್ಣನ ಹೆಂಡತಿ ಗಿರಿಜಕ್ಕ ಒಲೆ ಆರಿಸಿ ಕೆಳಗೆ ಬಂದು ಒಬ್ಬರೇ ತಾಳ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ಹಿಂಬದಿಯ ಗೋಡೆಯಿಂದ ಗಾರೆ ಉದುರಲು ಶುರುವಾಯಿತು. ಚಾಳಿನವರೆಲ್ಲ ಅಂಗಳಕ್ಕೆ ಓಡಿದರು. ಬಿಜಾಪುರದ ಮಲ್ಲವ್ವ ಬಾಗಿಲತನಕ ಹೋಗಿ ಕರೆದಳು. ಗಿರಿಜಕ್ಕ ಹಾಡುತ್ತಲೇ ಕೈಸನ್ನೆ ಮಾಡಿದರಂತೆ: ನೀ ನಡೆ, ಯಾರಾದರೂ ಬರಲಿ, ಏಳುತ್ತೇನೆ. ಮಲ್ಲವ್ವ ಅಂಗಳಕ್ಕೆ ತಿರುಗುವಷ್ಟರಲ್ಲಿ ಹಿಂಬದಿ ಕುಸಿಯಿತು.

ಅವಶೇಷ ಸರಿಸಿದಾಗ ಪಟದ ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಜನ ಪವಾಡ ಎಂದು ಕೈಮುಗಿದರು. ಫೋರ್ಟ್ ಪ್ರದೇಶದ ಹೋಟೆಲಿನ ಕೆಲಸದಿಂದ ಮೊಣಕಾಲು ನೀರಿನಲ್ಲಿ ನಡೆದು ಬಂದ ಸಂಜೀವಣ್ಣ ಆ ಪಟವನ್ನು ಗಿರಿಜಕ್ಕನ ಸೀರೆಯೊಂದರಲ್ಲಿ ಸುತ್ತಿ ಒಯ್ದರು. ಯಾರೂ ಕೇಳುವ ಧೈರ್ಯ ಮಾಡಲಿಲ್ಲ.

ಸರಕಾರದವರು ಉಳಿದ ಚಾಳನ್ನೂ ಖಾಲಿ ಮಾಡಿಸಿ ನಮ್ಮನ್ನು ಸಾಂತಾಕ್ರೂಜ್‌ನ ನಾಲೆಯ ಬದಿಯ ಟ್ರಾನ್ಸಿಟ್ ಕ್ಯಾಂಪಿಗೆ ಹಾಕಿದರು. ಒಂದು ವರ್ಷದ ಮಾತು ಎಂದವರು ಏಳು ವರ್ಷ ಮಾಡಿದರು. ತಗಡಿನ ಮಾಡು, ತಲೆಯ ಮೇಲೆ ವಿಮಾನ. ಅಲ್ಲಿ ಕ್ಯಾಲೆಂಡರಿನ ವಿಠಲನನ್ನು ಇಟ್ಟುಕೊಂಡು ಭಜನೆಗೆ ಕೂತೆವು. ಪಲ್ಲವಿ ಮುಗಿಯುವ ಮೊದಲು ಒಂದು ವಿಮಾನ, ಚರಣಕ್ಕೆ ಇನ್ನೊಂದು. ನಾಲ್ಕಾರು ಶನಿವಾರ ನಡೆಯಿತು. ಆಮೇಲೆ ಒಬ್ಬರಿಗೆ ಓವರ್‌ಟೈಮು, ಇನ್ನೊಬ್ಬರಿಗೆ ಮಂಡಿನೋವು. ನಿಜವಾದ ಕಾರಣವನ್ನು ಯಾರೂ ಹೇಳುತ್ತಿರಲಿಲ್ಲ. ಮೂರು ಬಾಗಿಲು ಆಚೆ ಸಂಜೀವಣ್ಣನ ಮಂಚದಡಿ ಆ ಪಟ ಸೀರೆ ಸುತ್ತಿಕೊಂಡು ಮಲಗಿರುವಾಗ, ಈಚೆ ಕ್ಯಾಲೆಂಡರಿಗೆ ಆರತಿ ಎತ್ತಲು ಕೈ ಏಳುತ್ತಿರಲಿಲ್ಲ.

ತೊಂಬತ್ತೊಂದರ ಮಳೆಗಾಲದ ನಡುವೆ ಹೊಸ ಬಿಲ್ಡಿಂಗಿನ ಬೀಗದ ಕೈ ಸಿಕ್ಕಿತು. ಅದೇ ನೆಲ, ಐದು ಮಹಡಿ, ಪ್ರತಿ ಮನೆಗೂ ಒಳಗೇ ಪಾಯಿಖಾನೆ. ಚಾಳಿನ ಉದ್ದದ ಜಗಲಿ ಹೋಗಿ ಮುಚ್ಚಿದ ಬಾಗಿಲುಗಳು ಬಂದವು. ಯಾರ ಮನೆಯಲ್ಲಿ ಏನು ಒಗ್ಗರಣೆ ಎಂದು ಗೊತ್ತಿದ್ದ ನಮಗೆ ಪಕ್ಕದ ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ತಿಳಿಯದಾಯಿತು. ಜೋರು ಮಳೆ ಬಂದಾಗ ಮಾತ್ರ ಎಲ್ಲ ಬಾಗಿಲೂ ತೆರೆಯುತ್ತಿದ್ದವು. ಜನ ಮೆಟ್ಟಿಲ ಮೇಲೆ ಬಂದು ನಿಂತು, ಗಾಳಿಗೆಂದು ಬಂದೆ ಎಂದು ಒಬ್ಬರಿಗೊಬ್ಬರು ಸುಳ್ಳು ಹೇಳುತ್ತಿದ್ದರು.

ನೆಲಮಹಡಿಯಲ್ಲಿ ಮೀಟರು ಕೋಣೆಯ ಪಕ್ಕ ಭಜನೆಗೆ ಜಾಗ ಬಿಟ್ಟಿದ್ದರು. ಹಿರಿಯರಾದ ಶೀನಪ್ಪಜ್ಜ ನನ್ನನ್ನು ಕಾರ್ಯದರ್ಶಿ ಮಾಡಿದರು. "ಮೂರ್ತಿಗೆ ಹಾಡಲಿಕ್ಕೆ ಬರುವುದಿಲ್ಲ, ತಾಳ ಬರುವುದಿಲ್ಲ. ಹೆದರಲಿಕ್ಕೆ ಚೆನ್ನಾಗಿ ಬರುತ್ತದೆ. ಹೆದರುವವನು ಏನನ್ನೂ ಮರೆಯುವುದಿಲ್ಲ" ಎಂದರು. ಬ್ಯಾಂಕಿನಲ್ಲಿ ನನಗೆ ಬಡ್ತಿ ಕೊಟ್ಟವರೂ ಇಷ್ಟು ಹೊಗಳಿರಲಿಲ್ಲ.

ಪಟ ಕೇಳಲು ಅಜ್ಜ, ನಾನು ಫೋರ್ಟಿಗೆ ಹೋದೆವು. ಸಂಜೀವಣ್ಣ ಅಡುಗೆಯ ಮುಖ್ಯಸ್ಥರಾಗಿದ್ದ ಹೋಟೆಲಿನ ಹಿಂಬಾಗಿಲು. ಅವರು ಬನಿಯನ್ನಿನಲ್ಲಿ, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸುತ್ತ ಹೊರಬಂದರು. ನಮ್ಮ ಮುಖ ನೋಡಿಯೇ ಗೊತ್ತಾಯಿತು.

"ಪಟ ಕೊಡ್ತೇನೆ. ನನಗೆಂತಕ್ಕೆ ಅದು?" ಎಂದರು. "ಆದ್ರೆ ಆ ಅರ್ಧ ಏಕಾಹ ಬೇಡ. ಶನಿವಾರ ಒಂದು ಗಂಟೆ ಹಾಡಿ, ಮಂಗಳ ಮಾಡಿ, ಎದ್ದು ಹೋಗಿ. ಈ ನಿಲ್ಲಬಾರದು, ನಿಲ್ಲಬಾರದು ಅಂತ ಎಂತ ಹಠ ನಿಮ್ಮದು?"

"ಅರ್ಧಕ್ಕೆ ನಿಂತದ್ದಲ್ವಾ ಸಂಜೀವ," ಅಜ್ಜ ತಗ್ಗಿದ ಸ್ವರದಲ್ಲಿ ಹೇಳಿದರು. "ಮಂಗಳ ಆಗದ ಭಜನೆ ಅದು. ಅದನ್ನು ಮುಗಿಸದೆ ಹೊಸತು ತೊಡಗುವುದು ಹೇಗೆ? ಅವಳು ಕೂತು ನಡೆಸಿದ್ದನ್ನು ನಾವು ದಡ ಮುಟ್ಟಿಸ್ಬೇಕಾ ಬೇಡ್ವಾ?"

"ನಿಲ್ಲಬಾರದು ಅಂತ ಅವಳಿಗೆ ಕಲಿಸಿದ್ದು ಯಾರು ಅಜ್ಜ?"

ಒಳಗೆ ಯಾರೋ ದೋಸೆ ಹಂಚಿಗೆ ನೀರು ಚಿಮುಕಿಸಿದರು. ಸಂಜೀವಣ್ಣ ನನ್ನ ಕಡೆ ತಿರುಗಿದರು.

"ಮೂರ್ತಿಯವ್ರೆ, ನೀವು ಲೆಕ್ಕದ ಜನ, ನಿಮಗೆ ಹೇಳ್ತೇನೆ. ಆ ಕೋಣೆಯಲ್ಲಿ ಯಾವ ಹೊತ್ತಿಗೂ ಒಬ್ಬರೇ ಕೂರಬಾರದು. ನಾನು ಬಾಗಿಲೆದುರು ಕೂತಿರ್ತೇನೆ. ಒಬ್ಬರೇ ಆದ್ರು ಅಂತ ಕಂಡ್ರೆ ಒಳಗೆ ಬಂದು ನಿಲ್ಲಿಸ್ತೇನೆ, ಪಟ ತಗೊಂಡು ಹೋಗ್ತೇನೆ. ಮತ್ತೆ ನನ್ನ ಹತ್ರ ಬರ್ಬೇಡಿ."

ಅಜ್ಜ ಒಪ್ಪಿದರು. ಹಿಂದಿರುಗುವಾಗ ಲೋಕಲಿನಲ್ಲಿ ಅವರು ನಿದ್ದೆ ಹೋದರು. ನಾನು ಕೂತು ಕಲ್ಪಿಸಿಕೊಂಡೆ: ಭಜನೆ ಇನ್ನೊಮ್ಮೆ ನಡುವಿಗೆ ನಿಂತರೆ ಈ ಜನ ಮತ್ತೆಂದೂ ತಾಳ ಮುಟ್ಟುವುದಿಲ್ಲ. ಆ ಕೋಣೆಯಲ್ಲಿ ಹಳೆ ಸೈಕಲ್ಲು ನಿಲ್ಲಿಸುತ್ತಾರೆ. ನಾವು ಮಳೆಗೆ ಬಾಗಿಲು ತೆರೆದು ಮೆಟ್ಟಿಲ ಮೇಲೆ ಸುಳ್ಳು ಹೇಳುತ್ತ ಮುದುಕರಾಗುತ್ತೇವೆ.

ಆಮೇಲಿನ ದಿನಗಳಲ್ಲಿ ನಾನು ಮಾಡಿದ ಪಾಳಿಯ ಏರ್ಪಾಡನ್ನು ನೋಡಿದ್ದರೆ ರೈಲ್ವೆಯವರು ಕೆಲಸಕ್ಕೆ ಕರೆಯುತ್ತಿದ್ದರು. ಬೆಳಿಗ್ಗೆ ಹೋಟೆಲಿನವರು, ಮಧ್ಯಾಹ್ನದಿಂದ ಹೆಂಗಸರು, ಸಂಜೆಗೆ ಆಫೀಸಿನವರು ಮತ್ತು ಡೊಂಬಿವಲಿ ಕಡೆ ಮನೆ ಮಾಡಿಕೊಂಡು ಹೋದ ಹಳಬರು. ಪ್ರತಿ ಪಾಳಿಗೂ ಬದಲಿ ಜನ, ಬದಲಿಗೂ ಬದಲಿ. ಆ ಶುಕ್ರವಾರ ಶಾರದಾ ಕೇಳಿದಳು, "ಇಷ್ಟೊಂದು ಚಿಂತೆ ಮಾಡಿದ್ದೀರಲ್ಲ, ದೇವರಿಗೆ ಮಾಡೋಕೆ ಏನಾದ್ರೂ ಬಿಟ್ಟಿದ್ದೀರಾ?"

ಶನಿವಾರ ಮೋಡ ಕವಿದ ಮುಂಜಾನೆ. ಸೂರ್ಯ ಕಾಣಲಿಲ್ಲ, ಪಂಚಾಂಗದಲ್ಲಿ ಹುಟ್ಟಿದ. ಸಂಜೀವಣ್ಣ ಪಟ ತಂದು ಅಜ್ಜನ ಕೈಗೆ ಕೊಟ್ಟು, ಸೀರೆಯನ್ನು ಮಡಚಿ ತಾವೇ ಇಟ್ಟುಕೊಂಡು, ಮೆಟ್ಟಿಲ ಬುಡದಲ್ಲಿ ಒಂದು ಮಡಚುವ ಕುರ್ಚಿ ಹಾಕಿ ಬಾಗಿಲೆದುರು ಕೂತರು. ಕೊಡೆಯನ್ನು ಮೊಣಕಾಲ ನಡುವೆ ಊರಿಕೊಂಡ ಆ ಭಂಗಿ ದೇವಸ್ಥಾನದ ದ್ವಾರಪಾಲಕನದು; ಕಾಯುವುದು ಯಾರನ್ನು, ಯಾರಿಂದ ಎಂದು ಹೇಳುವಂತಿರಲಿಲ್ಲ.

ದೀಪ ಹಚ್ಚಿ ಮೊದಲ ತಾಳ ಬಿದ್ದಾಗ ಹಳೆಯ ಕೋಣೆಯನ್ನು ಕಂಡಿದ್ದವರೆಲ್ಲ ಅತ್ತರು. ಮಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿ ಬಂದಳು. ಕ್ಯಾಂಪಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಇದೇನೂ ತಿಳಿಯದೆ ಜೋರಾಗಿ ಚಪ್ಪಾಳೆ ತಟ್ಟಿದವು. "ಅಂಕಲ್, ಯೇ ಲೋಗ್ ರೋ ಕ್ಯೂಂ ರಹೇ ಹೈಂ?" ಎಂದು ನನ್ನ ಮಗಳೇ, ಇವರೆಲ್ಲ ಯಾಕೆ ಅಳುತ್ತಿದ್ದಾರೆಂದು, ನನ್ನ ಪಕ್ಕದವರನ್ನು ಹಿಂದಿಯಲ್ಲಿ ಕೇಳಿದಳು. ಅಳುವುದು ಯಾವುದು, ಹಾಡು ಯಾವುದು ಎಂದು ಬೇರೆ ಮಾಡಲಾಗದಂಥ ಒಂದು ಸದ್ದು ಸ್ವಲ್ಪ ಹೊತ್ತು ಆ ಕೋಣೆಯಲ್ಲಿತ್ತು.

ಬೆಳಗು ದಾಟಿತು. ಹೋಟೆಲಿನವರು ತಮ್ಮ ಪಾಳಿ ಮುಗಿಸಿ ಕೆಲಸಕ್ಕೆ ಓಡಿದರು. ಊಟದ ಹೊತ್ತಿಗೆ ಮಳೆ ಬಲವಾಯಿತು. ಬಿಲ್ಡಿಂಗಿನ ಹೊರಗಿನ ಗಲ್ಲಿಯಲ್ಲಿ ನೀರು ಏರುತ್ತಿದ್ದಂತೆ ಯಾರೋ ಬಂದು, ಕುರ್ಲಾದ ಬಳಿ ಹಳಿ ಮುಳುಗಿದೆ, ಗಾಡಿ ಬಂದ್ ಎಂದರು. ನನ್ನ ಸಂಜೆಯ ಪಾಳಿಯೆಲ್ಲ ಅಲ್ಲಿಂದಾಚೆ ಸಿಕ್ಕಿಕೊಂಡಿತ್ತು. ಅದೇ ಶ್ರಾವಣ, ಅದೇ ಶನಿವಾರ, ಅದೇ ಮಳೆ. ಬಾಯಲ್ಲಿ ಹೇಳದಿದ್ದರೂ ಎಲ್ಲರ ಕಣ್ಣು ಒಮ್ಮೆ ಗೋಡೆಯ ಮೇಲೆ ಓಡಿ ಬಂತು. ಸಂಜೀವಣ್ಣ ಕುರ್ಚಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಇಟ್ಟುಕೊಂಡು ಕೂತರು, ಅಷ್ಟೇ.

ಆದರೂ ನಾನು ಧೈರ್ಯವಾಗಿದ್ದೆ. ಹೆಂಗಸರ ಪಾಳಿ ತುಂಬಿತ್ತು. ಲೋಕಲ್ ನಿಂತರೂ ಅವರು ಮೇಲಿನ ಮಹಡಿಯಿಂದ ಇಳಿದು ಬರಬೇಕಾದವರು. ಎಷ್ಟು ಹೊತ್ತು ಬೇಕಾದರೂ ಎಳೆದಾರು.

ನಾಲ್ಕು ಗಂಟೆಗೆ ಮೀಟರು ಕೋಣೆಯ ಪಕ್ಕದಲ್ಲಿ ಪಂಪು ಗುಡುಗಿತು. ಮೇಲಿನಿಂದ ಯಾವುದೋ ಮನೆಯ ಕೂಗು ಬಂತು: "ಪಾನೀ ಆಯಾ."

ಹಳೆ ಚಾಳಿನಲ್ಲಿ ನೀರು ಬೆಳಗಿನ ಜಾವ ಬರುತ್ತಿತ್ತು. ಕ್ಯಾಂಪಿಗೆ ಟ್ಯಾಂಕರು ಬರುತ್ತಿತ್ತು, ಮಧ್ಯಾಹ್ನದ ಮೊದಲು. ಹೊಸ ಬಿಲ್ಡಿಂಗಿನಲ್ಲಿ ನಾಲ್ಕಕ್ಕೆ. ಅಲ್ಲಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ; ಬ್ಯಾಂಕಿನಿಂದ ಏಳಕ್ಕೆ ಮನೆಗೆ ಬರುವ ನನಗೆ ನೀರು ಯಾವಾಗಲೂ ಕೊಡದಲ್ಲಿಯೇ ಇರುತ್ತಿತ್ತು. ಪೊಲೀಸರು, ಇಲಿ, ಇಲ್ಲದ ಮೈಕು, ಎಲ್ಲದಕ್ಕೂ ಹೆದರಿದ್ದ ನಾನು ನೀರಿನ ಹೊತ್ತನ್ನು ಕೇಳಿರಲಿಲ್ಲ. ಮುಂಬಯಿಯಲ್ಲಿ ಸಂಸಾರ ಮಾಡಿದವನು ಹೇಳಿಕೊಳ್ಳುವಂಥ ತಪ್ಪಲ್ಲ ಇದು.

ಹೆಂಗಸರು ಹಾಡುತ್ತಲೇ ಒಬ್ಬರ ಮುಖ ಒಬ್ಬರು ನೋಡಿದರು. ಹಾಡುತ್ತಲೇ ಇಬ್ಬರು ಎದ್ದರು. ಮತ್ತೆ ನಾಲ್ವರು. ಶಾರದಾ ನನ್ನ ಕಿವಿಗೆ ಬಗ್ಗಿ, "ನಾಳೆ ಸ್ನಾನ ಬೇಡ್ವಾ? ಬಂದ್ಬಿಟ್ಟೆ" ಎಂದು ಹೋದಳು. ಕೊನೆಗೆ ಉಳಿದವಳು ಮಲ್ಲವ್ವ. ಕೂರಲೂ ಆಗದೆ ಏಳಲೂ ಆಗದೆ ಚಡಪಡಿಸಿದಳು.

"ಸಾಹೇಬ್ರ, ಎರಡ ಕೊಡ ತುಂಬಿ ಓಡಿ ಬರ್ತೀನ್ರಿ. ಮನ್ಯಾಗ ಹನಿ ನೀರಿಲ್ಲ. ನೀವು ಅಜ್ಜಾರು ಇಬ್ಬರದೀರಲ್ರಿ, ಸಾಕಲ್ರಿ?"

ನಾನು ತಲೆಯಾಡಿಸಿದೆ. ಲೆಕ್ಕ ಸರಿಯಿತ್ತು. ಅಜ್ಜ ಹಾಡುತ್ತಿದ್ದರು, ನಾನು ಅವರ ಹಿಂದೆ ಗೊಣಗುತ್ತ ತಾಳ ಬಡಿಯುತ್ತಿದ್ದೆ. ಎರಡು ಚರಣ ಹೋಗಿರಬಹುದು. ಅಜ್ಜನ ಮುಖದಲ್ಲಿ ಭಕ್ತಿಯಲ್ಲದ ಬೇರೊಂದು ಭಾವ ಕಾಣಿಸಿತು. ಸಕ್ಕರೆ ಕಾಯಿಲೆಯ ಮನುಷ್ಯ, ಊಟಕ್ಕೆ ಮೊದಲಿನಿಂದ ಕೂತವರು. ಅವರು ನನ್ನನ್ನು ನೋಡಿ ಕಿರುಬೆರಳು ಎತ್ತಿದರು.

ತಲೆಯಾಡಿಸಿ ಬೇಡ ಎಂದೆ. ಅವರು ಕಿರುಬೆರಳನ್ನು ಇನ್ನೂ ನೆಟ್ಟಗೆ ಎತ್ತಿದರು. ವಿಠಲನಿಗೂ ಮೀರಿದ ಕೆಲವು ಕರೆಗಳಿವೆ. ಅಜ್ಜ ಎದ್ದು, ಗೋಡೆ ಹಿಡಿದು, ಸಂಜೀವಣ್ಣನ ಕಡೆ ನೋಡದೆ, ಬಾಗಿಲು ದಾಟಿ ಹೋದರು.

ಕೋಣೆಯಲ್ಲಿ ನಾನು, ದೀಪ, ಪಟ.

ನನಗೆ ಪೂರ್ತಿ ಬರುವುದು ಒಂದೇ ಪದ. ಪೂರ್ತಿ ಎಂದರೆ ಪಲ್ಲವಿ ಮತ್ತು ಅರ್ಧ ಚರಣ. ಅದನ್ನೇ ತಿರುಗಿಸಿ ತಿರುಗಿಸಿ ಹಾಡಿದೆ. ಗಂಟಲು ಒಂದು ದಾರಿ, ತಾಳ ಇನ್ನೊಂದು ದಾರಿ. ಹೊರಗೆ ಮಳೆ, ಪಕ್ಕದಲ್ಲಿ ಪಂಪು, ಮೇಲೆಲ್ಲ ಕೊಡಗಳ ಸದ್ದು. ಆ ಹೊತ್ತಿಗೆ ಗೋಡೆಯಿಂದ ಗಾರೆ ಉದುರಿದ್ದರೆ ನಾನು ಏಳುತ್ತಿದ್ದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಹೆದರಿಕೆಯ ವಿಷಯದಲ್ಲಿ ನನಗೆ ಅಷ್ಟು ಅನುಭವವಿದ್ದೂ, ಕೈ ನಿಲ್ಲಿಸಲು ಗೋಡೆಗಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ಗಿರಿಜಕ್ಕ ಯಾಕೆ ಏಳಲಿಲ್ಲ ಎಂದು ಏಳು ವರ್ಷ ಕೇಳಿದ್ದೆವು. ಎದ್ದರೆ ಆ ಸದ್ದು ತನ್ನ ಕೈಯಲ್ಲೇ ಸಾಯುತ್ತದೆ ಎಂಬುದು, ಒಬ್ಬರೇ ಕೂತಾಗ ಮಾತ್ರ ತಿಳಿಯುವ ಸಂಗತಿ.

ಕುರ್ಚಿ ಕಿರುಗುಟ್ಟಿತು. ಸಂಜೀವಣ್ಣ ಎದ್ದರು.

ಕೊಡೆಯನ್ನು ಗೋಡೆಗೆ ಒರಗಿಸಿದರು. ಚಪ್ಪಲಿ ಬಿಟ್ಟರು. ನಾನು ಹಾಡುತ್ತಲೇ ಅವರ ಪಾದಗಳನ್ನೇ ನೋಡುತ್ತಿದ್ದೆ. ಮುಖ ನೋಡಲು ಆಗಲಿಲ್ಲ. ಪಾದಗಳು ನನ್ನನ್ನು ದಾಟಿ ಪಟದ ಮುಂದೆ ನಿಂತವು. ಅವರ ಕೈ ಮೇಲೆ ಹೋದದ್ದು ಗೊತ್ತಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಪಲ್ಲವಿ ಮತ್ತೆ ಶುರು ಮಾಡಿದೆ. ಈಗ ನಿಲ್ಲುತ್ತದೆ, ಈಗ ಮೊಳೆಯಿಂದ ಹಗ್ಗ ಬಿಡಿಸುತ್ತಾರೆ.

ಕಣ್ಣು ಬಿಟ್ಟಾಗ ಅವರು ಗಾಳಿಗೆ ವಾಲಿದ್ದ ಪಟವನ್ನು ನೇರ ಮಾಡುತ್ತಿದ್ದರು. ಆಮೇಲೆ ತಿರುಗಿ, ನನ್ನೆದುರು ಕಾಲು ಮಡಿಸಿ ಕೂತರು. ತುಂಬ ದಿನದಿಂದ ನೆಲದ ಮೇಲೆ ಕೂರದ ಮನುಷ್ಯನಂತೆ ಕಷ್ಟಪಟ್ಟು ಕೂತರು. ಕೈ ಚಾಚಿದರು.

"ತಾಳ ಇತ್ಲಾಗಿ ಕೊಡಿ ಮಾರಾಯ್ರೆ. ನಿಮ್ಮ ತಾಳ ಕೇಳಿದ್ದಿದ್ರೆ ಅವಳು ಅವತ್ತು ಎದ್ದೇ ಹೋಗ್ತಿದ್ಲು."

ನಾನು ಹಾಡುತ್ತಲೇ ಕೊಟ್ಟೆ. ಸದ್ದು ನಿಲ್ಲಲಿಲ್ಲ. ಎರಡು ಬಡಿತಕ್ಕೆ ಅದು ಸರಿಯಾದ ದಾರಿಗೆ ಬಂತು, ಮೂರನೆಯದಕ್ಕೆ ಅವರ ದನಿ ಸೇರಿತು. ಏಳು ವರ್ಷ ಬಳಸದ ದನಿ. ಮೊದಲು ತುಕ್ಕು, ಆಮೇಲೆ ಸ್ವರ. ಗಿರಿಜಕ್ಕ ಯಾವಾಗಲೂ ಎತ್ತುತ್ತಿದ್ದ ಪದವನ್ನೇ ಎತ್ತಿದರು. ನನಗೆ ಅದು ಬಾರದು. ಆದರೂ ಕೂತಿದ್ದೆ; ಅವರೊಬ್ಬರೇ ಆಗಬಾರದಲ್ಲ.

ಮಲ್ಲವ್ವ ಒದ್ದೆ ಸೀರೆಯಲ್ಲಿ ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟಳು. ಖಾಲಿ ಕುರ್ಚಿ ನೋಡಿದಳು, ಒಳಗೆ ನೋಡಿದಳು. ಹೊಸ್ತಿಲ ಹತ್ತಿರ ಕೂತು ಚಪ್ಪಾಳೆ ಹಾಕತೊಡಗಿದಳು. ಅಜ್ಜ ಬಂದರು, ಮುಖದಲ್ಲಿ ಎರಡು ಬಗೆಯ ನಿರಾಳ ಇತ್ತು. ಹೆಂಗಸರು ಬಂದರು. ಹಳಿಯ ಮೇಲೆ ನಡೆದುಕೊಂಡು ಬಂದ ಡೊಂಬಿವಲಿಯವರು ಪ್ಯಾಂಟು ಮಡಚಿಕೊಂಡೇ ಒಳಗೆ ನುಗ್ಗಿದರು. ಮೇಲಿನ ಮಹಡಿಯವರು ಜಗಳಕ್ಕೆ ಬರುವ ಬದಲು ತಮ್ಮದೇ ಒಂದು ಮರಾಠಿ ಅಭಂಗ ಸೇರಿಸಿಬಿಟ್ಟರು. ಕೋಣೆ ತುಂಬಿ ಜನ ಮೆಟ್ಟಿಲ ಮೇಲೂ ಕೂತರು. ಆ ದಿನ ಮಳೆಯಲ್ಲಿ ಮೆಟ್ಟಿಲ ಮೇಲೆ ಯಾರಿಗೂ ಸುಳ್ಳು ಹೇಳುವ ಅಗತ್ಯ ಬೀಳಲಿಲ್ಲ.

ಪಂಚಾಂಗದ ಸೂರ್ಯ ಮುಳುಗಿದ. ಅಜ್ಜ ಕರ್ಪೂರದ ತಟ್ಟೆ ಹಿಡಿದು ನನಗೆ ಕಣ್ಣು ಮಾಡಿದರು: ಮಂಗಳ. ನಾನು ಸಂಜೀವಣ್ಣನ ಕಡೆ ನೋಡಿದೆ. ಅವರ ಕಣ್ಣು ಮುಚ್ಚಿತ್ತು. ಒಂದು ಪದದ ಕೊನೆಯ ಸಾಲಿನ ಮೇಲೆಯೇ ಇನ್ನೊಂದು ಪದ ಎತ್ತುತ್ತಿದ್ದರು, ನಡುವೆ ಉಸಿರಿಗೂ ಎಡೆಯಿಲ್ಲದ ಹಾಗೆ. ಕೆನ್ನೆ ಒದ್ದೆಯಾಗಿತ್ತು, ಕೈ ಮಾತ್ರ ತಪ್ಪುತ್ತಿರಲಿಲ್ಲ. ಅಜ್ಜ ತಟ್ಟೆ ಕೆಳಗಿಟ್ಟರು. ಮತ್ತೆ ಎತ್ತಿದರು. ಮತ್ತೆ ಇಟ್ಟರು. "ಹೊತ್ತು ಮೀರ್ತದೆ" ಎಂದು ನನಗಷ್ಟೇ ಕೇಳುವಂತೆ ಹೇಳಿದರು. "ಮೀರಿದ್ರ ಮೀರ್ಲಿ ಬಿಡ್ರಿ ಅಜ್ಜಾರ" ಎಂದಳು ಮಲ್ಲವ್ವ. ಶಾಸ್ತ್ರದಲ್ಲಿ ಒಂದು ಕೂದಲೆಳೆ ಬಿಡದ ಅಜ್ಜ ಗಡಿಯಾರಕ್ಕೆ ಬೆನ್ನು ಹಾಕಿ ಕೂತರು.

ನಿಲ್ಲುತ್ತದೆ, ನಿಲ್ಲುತ್ತದೆ ಎಂದು ತಿಂಗಳಿಡೀ ಹೆದರಿದವನು ನಾನು. ನಿಲ್ಲದೇ ಹೋದರೆ ಏನು ಮಾಡುವುದು ಎಂದು ಯೋಚಿಸಿರಲಿಲ್ಲ.

ದೀಪಕ್ಕೆ ಎಣ್ಣೆ ಹಾಕಲು ಯಾರೋ ಬಗ್ಗಿದಾಗ ಸಂಜೀವಣ್ಣ ಕಣ್ಣು ಬಿಟ್ಟು ಸುತ್ತ ನೋಡಿದರು. ಎಲ್ಲರೂ ತಮ್ಮನ್ನೇ ಕಾಯುತ್ತಿರುವುದು ಆಗ ತಿಳಿಯಿತು. ತಾಳ ನಿಧಾನ ಮಾಡಿ, ಅಜ್ಜನ ಕಡೆ ತಲೆ ಬಾಗಿಸಿದರು. ಮಂಗಳ ಹಾಡಿದ್ದು ಎಲ್ಲರೂ ಸೇರಿ. ಕೊನೆಯ ಬಡಿತದ ಮೇಲೆ ಅವರು ತಾಳವನ್ನು ಪಟದ ಮುಂದೆ ಇಟ್ಟರು. ಕೋಣೆಯಲ್ಲಿ ಬೆಳಗಿನಿಂದ ಮೊದಲ ಸಲ ಸದ್ದಿರಲಿಲ್ಲ.

ಹೀಗೆ, ಅಷ್ಟೆಲ್ಲ ಚಿಂತೆಗೆ ಕೊನೆಗೆ ಕೆಟ್ಟದ್ದು ಒಂದೇ. ಸೂರ್ಯಾಸ್ತದ ಲೆಕ್ಕಕ್ಕೆ ಶಾರದಾ ಮಾಡಿಟ್ಟಿದ್ದ ಪ್ರಸಾದದ ಶಿರಾ, ಮಂಗಳ ತಡವಾದ್ದರಿಂದ, ಪಾತ್ರೆಯಲ್ಲೇ ತಣಿದು ಗಟ್ಟಿಯಾಗಿಬಿಟ್ಟಿತ್ತು. ಸೌಟು ಬಾಗಿತು. "ಕಟ್ಟಡಕ್ಕ ಹಾಕೂ ಗಾರಿ ಆಗೇತ್ರಿ ಇದು" ಎನ್ನುತ್ತ ಮಲ್ಲವ್ವ ಕೈಯಲ್ಲೇ ಮುರಿದು ಹಂಚಿದಳು. ಸಂಜೀವಣ್ಣ ತಮ್ಮ ಪಾಲನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿ, ಕಸುಬಿನವರ ಗಾಂಭೀರ್ಯದಿಂದ ಅಗಿದರು. ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದೆವು.

"ರವೆ ಹುರಿದದ್ದು ಸಾಕಾಗ್ಲಿಲ್ಲ," ಎಂದರು. "ಬರುವ ಶನಿವಾರ ನಾನೇ ಮಾಡ್ತೇನೆ."